ಡೊಂಕನ ಆರು ಮಕ್ಕಳು

ಹೋದ ತಿಂಗಳು ಡೀಮೆನ್‌ನಲ್ಲಿ ನಮ್ಮ ಮನೆ ಹತ್ತಿರದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಒರಗಿದ್ದೆ. ಎಡಗಡೆಯ ದವಡೆಹಲ್ಲು ಹುಳುಕಾಗಿತ್ತು. ಮರಗಟ್ಟಿಸುವ ಸೂಜಿ ಕೊಟ್ಟಿದ್ದರಿಂದ ನೋವೇನೂ ಇರಲಿಲ್ಲ. ಆದರೆ ಡ್ರಿಲ್ ಹಲ್ಲಿಗೆ ತಾಗಿದ್ದೇ ತಡ, ಆ ವಾಸನೆ ಮೂಗಿಗೆ ಬಂತು. ಸುಟ್ಟ ಕೂದಲಿನದು, ಒಣ ಸುಣ್ಣದ್ದು. ನನ್ನ ಕೈ ಕುರ್ಚಿಯ ಹಿಡಿಯನ್ನು ತಾನಾಗಿಯೇ ಬಿಗಿಯಾಗಿ ಹಿಡಿದುಕೊಂಡಿತು. "ನೋವಾಯಿತೇ?" ಎಂದು ಡಾಕ್ಟರು ಡ್ರಿಲ್ ನಿಲ್ಲಿಸಿದರು. ಇಲ್ಲವೆಂದು ತಲೆಯಾಡಿಸಿದೆ. ಬಾಯಿ ಖಾಲಿಯಿದ್ದರೂ ನಾನು ಆಕೆಗೆ ಏನೆಂದು ಹೇಳುತ್ತಿದ್ದೆನೋ ಗೊತ್ತಿಲ್ಲ. ಜಿಂಕೆಯ ಕೊಂಬನ್ನು ಕೊರೆಯುವಾಗಲೂ ಇದೇ ವಾಸನೆ ಏಳುತ್ತದೆ. ಐದು ವರ್ಷದ ಹಿಂದೆ, ಒಂದೇ ವರ್ಷದಲ್ಲಿ ನಾನು ನೂರಾರು ಕೊಂಬುಗಳನ್ನು ಕೊರೆದಿದ್ದೆ. ಆ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಬಗ್ಗೆ ನಾನು ಯಾರ ಹತ್ತಿರವೂ ಪೂರ್ತಿಯಾಗಿ ಮಾತಾಡಿಲ್ಲ.

ನಾನು ಪಶುವೈದ್ಯೆ. ಗದಗಿನ ಕಡೆಯವಳು, ಬೀದರಿನಲ್ಲಿ ಓದಿದವಳು. ಮದುವೆಯಾಗಿ ನೆದರ್‌ಲ್ಯಾಂಡ್ಸ್‌ಗೆ ಬಂದ ಮೇಲೆ ಇಲ್ಲಿ ಪಿಎಚ್.ಡಿ. ಮುಗಿಸಿದೆ. ಗಂಡ ವಿನಯ್ ಮೈಸೂರಿನವನು. ಜೈಡಾಸ್ ಎಂಬ ಆಫೀಸುಗಳ ಬಡಾವಣೆಯ ಒಂದು ಬ್ಯಾಂಕಿನಲ್ಲಿ ಐಟಿ ಕೆಲಸ. ಪಿಎಚ್.ಡಿ. ಆದಮೇಲೆ ನನಗೆ ಸಿಕ್ಕಿದ್ದು ವೆಲುವೆ ಎಂಬ ಕಾಡುಸೀಮೆಯ ಪಕ್ಕದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಒಂದು ಪ್ರಾಜೆಕ್ಟು. ಆ ಕಾಡಿನ ಒಂದು ಭಾಗಕ್ಕೆ ಸುತ್ತಲೂ ಬೇಲಿ ಹಾಕಿದ್ದರು. ಒಳಗೆ ಕೆಂಪು ಜಿಂಕೆಗಳು. ನಮ್ಮ ಚುಕ್ಕೆ ಜಿಂಕೆಯನ್ನು ನೆನಸಿಕೊಳ್ಳಬಾರದು, ಇವು ಕಡವೆಯಷ್ಟು ದೊಡ್ಡವು. ಬೇಲಿಯೊಳಗೆ ಅವುಗಳನ್ನು ಹಿಡಿದು ತಿನ್ನುವವರಿಲ್ಲ, ಮೇವು ಮಾತ್ರ ಇದ್ದಷ್ಟೇ. ಹಾಗಾಗಿ ಪ್ರತಿ ವರ್ಷ ಒಂದು ಕಮಿಟಿ ಕೂತು, ಈ ಸಲ ಇಂತಿಷ್ಟು ಜಿಂಕೆಗಳನ್ನು ಕಡಿಮೆ ಮಾಡಬೇಕು ಎಂದು ತೀರ್ಮಾನಿಸುತ್ತಿತ್ತು. ಕಡಿಮೆ ಮಾಡುವುದು ಎಂದರೆ ಗುಂಡಿಕ್ಕಿ ಕೊಲ್ಲುವುದು.

ಯಾವುದನ್ನು ಕೊಲ್ಲಬೇಕು ಎಂಬುದಕ್ಕೆ ಅಲ್ಲಿ ಒಂದು ಹಳೆಯ ರೂಢಿಯಿತ್ತು. ಕೊಂಬು ಚೆನ್ನಾಗಿಲ್ಲದ ಗಂಡುಗಳು ಮೊದಲು. ಸೊಟ್ಟ ಕೊಂಬಿನವನನ್ನು ಉಳಿಸಿದರೆ ಸೊಟ್ಟ ಕೊಂಬಿನ ಮಕ್ಕಳೇ ಹುಟ್ಟುತ್ತವೆ, ಅವನನ್ನು ತೆಗೆದರೆ ಹಿಂಡು ಚೆಂದವಾಗುತ್ತದೆ ಎಂಬ ನಂಬಿಕೆ. ಇದು ನಿಜವೋ ಸುಳ್ಳೋ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಜಿಂಕೆಯ ಕೊಂಬು ದನದ ಕೋಡಿನ ಹಾಗಲ್ಲ, ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ಉದುರಿದ ಕೊಂಬನ್ನು ಕೊರೆದು ಬಂದ ಪುಡಿಯಿಂದ, ಹೆಣ್ಣು ಮತ್ತು ಮರಿಗಳದ್ದಾದರೆ ಹಿಕ್ಕೆಯಿಂದ, ಡಿಎನ್‌ಎ ತೆಗೆದು ಯಾರಿಗೆ ಯಾರು ಅಪ್ಪ ಎಂಬ ವಂಶಾವಳಿ ಬರೆಯಬೇಕು. ಆಮೇಲೆ ಕೊಂಬಿನ ಆಕಾರ ಅಪ್ಪನಿಂದ ಮಗನಿಗೆ ಬರುತ್ತಿದೆಯೇ ಹೇಳಬೇಕು.

ಕಾಡಿನಿಂದ ಇವನ್ನೆಲ್ಲ ತಂದುಕೊಡುತ್ತಿದ್ದವರು ಹರ್ಮೆನ್. ಅರವತ್ತು ದಾಟಿದ ಅರಣ್ಯಪಾಲಕ. ಎಣಿಸುವವರೂ ಅವರೇ, ಮೇವು ಹಾಕುವವರೂ ಅವರೇ, ಗುಂಡು ಹೊಡೆಯುವವರೂ ಅವರೇ. ಮಾತು ಕಡಿಮೆ. ಒಂದು ಹೆಣ್ಣು ಜಿಂಕೆ ಹಿಕ್ಕೆ ಹಾಕಿ ಹೋಗುವವರೆಗೆ ಎರಡು ಗಂಟೆ ಬೇಕಾದರೂ ಪೊದೆಯ ಹಿಂದೆ ಕೂತಿದ್ದು, ಆಮೇಲೆ ಅದನ್ನು ಸಣ್ಣ ಡಬ್ಬಿಗೆ ತುಂಬಿ, ಯಾವುದು, ಹೆಣ್ಣೋ ಗಂಡೋ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು. ಗಿರಿಜಾ ಎಂಬ ನನ್ನ ಹೆಸರು ಡಚ್ಚರ ಬಾಯಲ್ಲಿ 'ಖಿರಿಯಾ' ಆಗುತ್ತದೆ. ಹರ್ಮೆನ್ ಅದನ್ನು ಎಷ್ಟು ಮೆತ್ತಗೆ ಹೇಳುತ್ತಿದ್ದರೆಂದರೆ ನನಗೆ 'ಹಿರಿಯಾ' ಎಂದೇ ಕೇಳುತ್ತಿತ್ತು. ಅದರ ಅರ್ಥ ಹೇಳಿದಾಗ ಅವರು ನಕ್ಕಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಿಂಡಿನಲ್ಲಿ ಎರಡು ಗಂಡುಗಳಿದ್ದವು, ಎಲ್ಲರಿಗೂ ಗೊತ್ತಿದ್ದಂಥವು. ಒಂದು 'ರಾಜ'. ಎರಡೂ ಕಡೆ ಏಳೇಳು ಕವಲಿನ, ಕನ್ನಡಿ ಹಿಡಿದ ಹಾಗೆ ಸಮನಾದ ಕೊಂಬು. ಅದರ ಫೋಟೊ ಕಮಿಟಿಯ ಕೋಣೆಯ ಗೋಡೆಯ ಮೇಲಿತ್ತು. ಇನ್ನೊಂದನ್ನು ಅಲ್ಲಿನವರು ತಮ್ಮ ಭಾಷೆಯಲ್ಲಿ ಡೊಂಕ ಎನ್ನುತ್ತಿದ್ದರು. ನಾನೂ ಕನ್ನಡದಲ್ಲಿ ಹಾಗೇ ಕರೆಯುತ್ತಿದ್ದೆ. ಅವನ ಎಡಗೊಂಬು ಸರಿಯಾಗಿತ್ತು. ಬಲಗೊಂಬು ಮಾತ್ರ ಕವಲೇ ಒಡೆಯದೆ, ಮೊಂಡು ಗೂಟದ ಹಾಗೆ ಕೆಳಗೆ ಬಾಗಿ ಕಣ್ಣಿನ ಪಕ್ಕಕ್ಕೆ ಬಂದು ನಿಂತಿತ್ತು. ಮೂರು ವರ್ಷದಿಂದ ಹಾಗೇ ಬೆಳೆಯುತ್ತಿತ್ತು.

ಆಗಸ್ಟಿನ ಕಮಿಟಿ ಸಭೆಯಲ್ಲಿ ನಾನು ನನ್ನ ವಂಶಾವಳಿಯನ್ನು ಪರದೆಯ ಮೇಲೆ ತೋರಿಸಿದೆ. ಡೊಂಕನಿಗೆ ಆರು ಗಂಡುಮಕ್ಕಳು. ಅವುಗಳಲ್ಲಿ ಎರಡಕ್ಕೆ ಕವಲಿಲ್ಲದ ಕೊಂಬು. ಅಪ್ಪನ ಲಕ್ಷಣ ಮಕ್ಕಳಿಗೆ ಬಂದಿರುವ ಸಾಧ್ಯತೆ ಹೆಚ್ಚು ಎಂದೆ. ಟೇಬಲ್ಲಿನ ಸುತ್ತ ಕೂತವರ ಮುಖದಲ್ಲಿ ಸಮಾಧಾನ ಕಂಡಿತು. ಇಷ್ಟು ವರ್ಷ ತಾವು ಮಾಡಿಕೊಂಡು ಬಂದದ್ದು ಸರಿ ಎಂದು ವಿಜ್ಞಾನವೇ ಹೇಳುತ್ತಿದೆಯಲ್ಲ. ನನಗೂ ಖುಷಿಯಾಗಿತ್ತು ಎಂಬುದನ್ನು ಬಚ್ಚಿಡುವುದಿಲ್ಲ. ಹೊರಗಿನವಳೊಬ್ಬಳು ಆ ಕೋಣೆಯಲ್ಲಿ ಎದ್ದು ನಿಂತು ಮಾತಾಡಿದಾಗ ಅಷ್ಟೂ ಜನ ಬರೆದುಕೊಳ್ಳುತ್ತಿದ್ದರು.

ಮೂಲೆಯಲ್ಲಿ ಕೂತಿದ್ದ ಹರ್ಮೆನ್ ಕೈಯೆತ್ತಿದರು. "ಅವನ ಹಿಂಗಾಲು ಸರಿಯಿಲ್ಲ. ಎಡಗಾಲು."

"ಅದು ಕಾಲು, ಹರ್ಮೆನ್," ಎಂದೆ. "ನಾವು ಮಾತಾಡ್ತಿರೋದು ಕೊಂಬಿನ ಬಗ್ಗೆ. ಎರಡು ಮಕ್ಕಳಲ್ಲಿ ಇದೇ ಕಾಣಿಸ್ತಿದೆ."

ಯಾರೋ ಸಣ್ಣಗೆ ನಕ್ಕರು. ಹರ್ಮೆನ್ ಕೈ ಇಳಿಸಿದರು. ಡೊಂಕ ಮತ್ತು ಅವನ ಆರು ಮಕ್ಕಳು, ಒಟ್ಟು ಏಳು ಗಂಡುಗಳನ್ನು ಜಿಂಕೆಗಳು ಕೂಡುವ ಕಾಲ ಶುರುವಾಗುವ ಮೊದಲೇ ತೆಗೆಯಬೇಕೆಂದು ತೀರ್ಮಾನವಾಯಿತು. ಸೆಪ್ಟೆಂಬರಿನ ಎರಡನೇ ಸೋಮವಾರದಿಂದ ಕೆಲಸ ಶುರು ಎಂದು ಅಧ್ಯಕ್ಷರು ಬರೆಸಿದರು. ಅವರು ನಿವೃತ್ತ ವಕೀಲರು, ಸಭ್ಯ ಮನುಷ್ಯ. ಹೊರಡುವಾಗ ನನ್ನ ಕೈ ಕುಲುಕಿ, "ಕೊನೆಗೂ ನಮಗೊಂದು ಗಟ್ಟಿ ಆಧಾರ ಸಿಕ್ಕಿತು," ಎಂದರು.

ಆ ಸೋಮವಾರದ ಹಿಂದಿನ ಶುಕ್ರವಾರ ಬೆಳಗ್ಗೆ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಹೊರಗೆ ಮೂರು ದಿನದಿಂದ ಬಿಡದೆ ಬೀಸುತ್ತಿದ್ದ ಗಾಳಿ, ಕಿಟಕಿಗೆ ರಪರಪನೆ ಬಡಿಯುವ ಮಳೆ. ವರದಿಯ ಕೊನೆಯ ಕೋಷ್ಟಕಗಳನ್ನು ಹೊಂದಿಸುತ್ತಿದ್ದೆ. ಡಿಎನ್‌ಎ ನೋಡಿ ಗಂಡೋ ಹೆಣ್ಣೋ ಹೇಳುವ ಒಂದು ಸರಳ ಪರೀಕ್ಷೆಯಿದೆ. ಅದನ್ನು ಎಲ್ಲ ಮಾದರಿಗಳಿಗೂ ಮಾಡಿದ್ದೆ. ಜುಲೈನಲ್ಲಿ ಒಂದು ಕಡೆ ತಾಳೆಯಾಗಿರಲಿಲ್ಲ. ಹರ್ಮೆನ್ 'ಹೆಣ್ಣು' ಎಂದು ಬರೆದ ಮಾದರಿ ಪರೀಕ್ಷೆಯಲ್ಲಿ ಗಂಡು ಎಂದು ಬಂದಿತ್ತು. ಮಬ್ಬಿನಲ್ಲಿ ಹರ್ಮೆನ್ ಕಣ್ಣು ತಪ್ಪಿರಬೇಕು ಎಂದುಕೊಂಡು ಅದೊಂದನ್ನು ಪಕ್ಕಕ್ಕಿಟ್ಟು ಮುಂದೆ ಹೋಗಿದ್ದೆ. ಈಗ ಇಡೀ ಪಟ್ಟಿ ಮುಂದಿಟ್ಟುಕೊಂಡು ನೋಡಿದರೆ ಅಂಥದ್ದು ಒಂದಲ್ಲ, ಒಂಬತ್ತು. ಒಂಬತ್ತೂ ಒಂದೇ ತಟ್ಟೆಯಲ್ಲಿದ್ದವು.

ತಟ್ಟೆ ಎಂದರೆ ತೊಂಬತ್ತಾರು ಸಣ್ಣ ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್. ಒಂದೊಂದು ಗುಳಿಗೂ ಒಂದೊಂದು ಜಿಂಕೆ. ಅದನ್ನು ಯಂತ್ರದೊಳಗೆ ಇಡುವಾಗ ಒಂದು ಮೂಲೆಯ ಗುರುತು ನೋಡಿ ಇಡಬೇಕು. ತಿರುಗಿಸಿ ಇಟ್ಟರೆ ಮೊದಲನೆಯದು ಕೊನೆಯದಾಗುತ್ತದೆ, ಕೊನೆಯದು ಮೊದಲನೆಯದಾಗುತ್ತದೆ. ಒಂದು ಕಾಗದದ ಮೇಲೆ ಆ ತಟ್ಟೆಯ ಚಿತ್ರ ಬರೆದೆ. ತಿರುಗಿಸಿದೆ. ಒಂಬತ್ತು ಹೆಣ್ಣುಗಳೂ ಹೆಣ್ಣಾದವು.

ಆಮೇಲೆ ಫ್ರೀಜರಿನಲ್ಲಿ ಉಳಿಸಿಟ್ಟಿದ್ದ ಮೂಲ ಮಾದರಿಗಳನ್ನು ತೆಗೆದು, ಆ ತಟ್ಟೆಯ ಎಳೆಯ ಗಂಡುಗಳನ್ನಷ್ಟೇ ಹೊಸದಾಗಿ ಪರೀಕ್ಷೆಗೆ ಹಾಕಿದೆ. ಫಲಿತಾಂಶ ಬರುವಾಗ ಸಂಜೆ ನಾಲ್ಕು ಗಂಟೆ. ಡೊಂಕನ ಆರು ಮಕ್ಕಳಲ್ಲಿ ಅವನದು ಒಂದೇ ಒಂದು, ಅದರ ಕೊಂಬು ನೆಟ್ಟಗಿತ್ತು. ಕವಲಿಲ್ಲದ ಕೊಂಬಿನ ಎರಡು ಮಕ್ಕಳು ರಾಜನವು, ಉಳಿದ ಮೂರು ಬೇರೆ ಗಂಡುಗಳವು.

ಯಂತ್ರಕ್ಕೆ ತಟ್ಟೆ ಇಟ್ಟ ದಿನ ಯಾವುದು ಎಂದು ಕ್ಯಾಲೆಂಡರ್ ತೆರೆದು ನೋಡಿದೆ. ಮೇ ತಿಂಗಳ ಒಂದು ಗುರುವಾರ. ಆವತ್ತು ನನಗೆ ಜ್ವರವಿತ್ತೇ, ಊರಿನಿಂದ ಏನಾದರೂ ಸುದ್ದಿ ಬಂದಿತ್ತೇ, ಯಾರಾದರೂ ಅವಸರ ಮಾಡಿದ್ದರೇ ಎಂದು ಹುಡುಕಿದೆ. ಏನೂ ಇರಲಿಲ್ಲ. ಮಧ್ಯಾಹ್ನ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ತಿಂದಿದ್ದರ ಫೋಟೊವನ್ನು ತಂಗಿಗೆ ಕಳಿಸಿದ್ದೆ. ಅಷ್ಟೇ. ಒಳ್ಳೆಯ ದಿನವೊಂದರಲ್ಲಿ, ಆರಾಮಾಗಿದ್ದುಕೊಂಡೇ, ತಟ್ಟೆಯನ್ನು ತಿರುಗಿಸಿ ಇಟ್ಟಿದ್ದೆ.

ನಮ್ಮ ಪ್ರೊಫೆಸರ್ ಮರೈಕೆಗೆ ಫೋನ್ ಮಾಡಿದೆ. ಅವರು ಕೆನಡಾದಿಂದ ವಾಪಸು ಬರುತ್ತಿದ್ದರು, ವಿಮಾನದಲ್ಲಿದ್ದರು. ಸಿಗಲಿಲ್ಲ. ಮೇಲ್ ಬರೆಯಲು ಕೂತು ಎರಡು ಸಾಲು ಬರೆದು ಅಳಿಸಿದೆ. ವಿನಯ್‌ಗೆ ಫೋನ್ ಮಾಡಿದೆ.

ಅವನು ಎಲ್ಲ ಕೇಳಿಸಿಕೊಂಡ. ಹಿಂದೆ ಆಫೀಸಿನ ಕಾಫಿ ಮಷಿನ್ನಿನ ಸದ್ದು ಕೇಳುತ್ತಿತ್ತು.

"ಗಿರಿ, ಪ್ಯಾನಿಕ್ ಆಗ್ಬೇಡ. ಶೂಟಿಂಗ್ ಯಾವತ್ತು?"

"ಸೋಮವಾರ."

"ಹಾಗಾದ್ರೆ ಟೈಮ್ ಇದೆ. ಫಸ್ಟ್ ಮರೈಕೆಗೆ ಹೇಳು. ಅವ್ರು ಲ್ಯಾಂಡ್ ಆಗ್ಲಿ. ನೀನೇ ಡೈರೆಕ್ಟಾಗಿ ಆ ಹರ್ಮೆನ್‌ಗೆ ಹೇಳ್ಬಿಟ್ರೆ ಅದು ಕಮಿಟಿಗೆ ಹೋಗತ್ತೆ, ಆಮೇಲೆ ಮರೈಕೆಗೆ ಗೊತ್ತಾಗತ್ತೆ. ಚೆನ್ನಾಗಿರತ್ತಾ? ನಿನ್ನ ಕಾಂಟ್ರಾಕ್ಟ್ ಡಿಸೆಂಬರ್‌ಗೆ ಮುಗಿಯತ್ತೆ. ರಿನ್ಯೂ ಮಾಡೋರು ಅವ್ರೇ."

"ನಂಗ ಎದಿ ಡವಡವ ಅನ್ನಾಕತ್ತೈತಿ, ವಿನಯ್. ಈಗ ಹೇಳಿಬಿಡ್ಲೇನು?"

"ಒಂದು ರಾತ್ರಿ ಅಷ್ಟೇ ಕಣೇ. ನಾಳೆ ಬೆಳಗ್ಗೆ ಅವ್ರು ಸ್ಕಿಪೋಲ್ ಏರ್‌ಪೋರ್ಟ್‌ಗೆ ಬಂದ್ಬಿಡ್ತಾರೆ. ಎರಡು ದಿನ ಕೈಯಲ್ಲಿದೆ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಮೇಲೆ ಆದದ್ದನ್ನು ಅವನ ಮೇಲೆ ಹಾಕಲಾರೆ. ನನಗೆ ಬೇಕಾಗಿದ್ದನ್ನೇ ಅವನು ಹೇಳಿದ್ದ. ಹರ್ಮೆನ್‌ರ ನಂಬರ್ ಫೋನಿನಲ್ಲಿ ತೆರೆದುಕೊಂಡಿತ್ತು. ಅದನ್ನು ಮುಚ್ಚಿ, ಬ್ಯಾಗು ಹೆಗಲಿಗೇರಿಸಿ ಸ್ಟೇಷನ್ನಿಗೆ ಸೈಕಲ್ ತುಳಿದೆ. ಉಟ್ರೆಕ್ಟ್ ದಾಟುವಾಗ ಮಳೆ ನಿಂತಿತು, ಗಾಳಿ ಅಡಗಿತು. ರೈಲಿನ ಕಿಟಕಿಯ ಹೊರಗೆ ಆಕಾಶ ತೊಳೆದ ಹಾಗೆ ಸ್ವಚ್ಛವಾಗಿತ್ತು.

ಶನಿವಾರ ಬೆಳಗ್ಗೆ ಮರೈಕೆ ಇನ್ನೂ ಫೋನ್ ಎತ್ತಿರಲಿಲ್ಲ. ಒಂಬತ್ತು ಗಂಟೆಗೆ, ವಿನಯ್ ಸ್ನಾನಕ್ಕೆ ಹೋದಾಗ, ನಾನು ಹರ್ಮೆನ್‌ಗೆ ಫೋನ್ ಮಾಡಿದೆ.

"ಹಿರಿಯಾ," ಎಂದರು. "ನಾನೇ ಮಾಡಬೇಕು ಅಂತಿದ್ದೆ. ಸ್ಯಾಂಪಲ್ ಬೇಕಲ್ವಾ ನಿನಗೆ. ಎರಡು ಆಗಿವೆ."

"ಏನು ಎರಡು?"

"ನಿನ್ನೆ ಸಂಜೆ ಒಂದು. ಇವತ್ತು ಬೆಳಗಿನ ಜಾವ ಒಂದು. ಗಾಳಿ ನಿಂತಿತು, ನೆಲ ಚೆನ್ನಾಗಿತ್ತು. ಸೋಮವಾರ ಮತ್ತೆ ಮಳೆ ಅಂತೆ. ಕಾಯೋದು ಯಾಕೆ ಅಂತ ಅಧ್ಯಕ್ಷರನ್ನ ಕೇಳಿದೆ, ಸರಿ ಅಂದರು."

ನಾನು ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿ ಇಳಿಯುತ್ತಿದ್ದುದು ಕಾಣುತ್ತಿತ್ತು, ಆದರೆ ಕೈ ಹೋಗಲಿಲ್ಲ. "ಹರ್ಮೆನ್, ಇನ್ನು ಯಾವುದನ್ನೂ ಹೊಡೀಬೇಡಿ. ನಾನು ಬರ್ತಾ ಇದ್ದೀನಿ," ಎಂದೆ.

"ಯಾಕೆ?"

"ಪಟ್ಟಿ ತಪ್ಪು. ನನ್ನ ತಪ್ಪು."

"ಬಾ," ಎಂದು ಫೋನ್ ಇಟ್ಟರು.

ಡೀಮೆನ್‌ನಿಂದ ಅಲ್ಲಿಗೆ ರೈಲು ಮತ್ತು ಬಾಡಿಗೆ ಸೈಕಲ್ ಸೇರಿ ಒಂದೂಮುಕ್ಕಾಲು ಗಂಟೆಯ ದಾರಿ. ವಿನಯ್ ಜೊತೆಗೆ ಬರುತ್ತೇನೆಂದ. ಬೇಡವೆಂದೆ. ಕಾಡಿನ ಅಂಚಿನ ಇಟ್ಟಿಗೆ ಕಟ್ಟಡದ ಹಿಂದೆ ಬೇಟೆಯನ್ನು ನೇತುಹಾಕುವ ತಣ್ಣನೆಯ ಕೋಣೆ. ಹರ್ಮೆನ್ ಬಾಗಿಲಲ್ಲಿ ನಿಂತಿದ್ದರು. ಒಳಗೆ ಎರಡೂ ಕೊಕ್ಕೆಗೆ ತೂಗುತ್ತಿದ್ದವು. ಹೊಟ್ಟೆ ಸೀಳಿ ಸ್ವಚ್ಛ ಮಾಡಿದ್ದರು. ತಲೆಗಳನ್ನು ಪಕ್ಕದ ಸ್ಟೀಲ್ ಮೇಜಿನ ಮೇಲೆ ಇಟ್ಟಿದ್ದರು. ಒಂದಕ್ಕೆ ಗೇಣುದ್ದದ, ಕವಲಿಲ್ಲದ ಎಳೆಯ ಕೊಂಬು. ನಾನು ಬೀದರಿನಲ್ಲಿ ಎಮ್ಮೆಗಳ ಮರಣೋತ್ತರ ಪರೀಕ್ಷೆ ಮಾಡಿದವಳು, ಸತ್ತ ಪ್ರಾಣಿ ನನಗೆ ಹೊಸದಲ್ಲ. ಆದರೂ ಕೈಗವಸು ಹಾಕಿಕೊಳ್ಳಲು ಎರಡು ಸಲ ಪ್ರಯತ್ನಿಸಬೇಕಾಯಿತು.

ನಿಂತುಕೊಂಡೇ ಎಲ್ಲ ಹೇಳಿದೆ. ತಟ್ಟೆ, ಮೂಲೆಯ ಗುರುತು, ಒಂಬತ್ತು ಹೆಣ್ಣುಗಳು. ಅವರು ಅರ್ಧಕ್ಕೆ ತಡೆಯಲಿಲ್ಲ. ಮುಗಿದ ಮೇಲೆ ಕೇಳಿದರು:

"ಇವು ಡೊಂಕನ ಮಕ್ಕಳಲ್ಲ?"

"ಅಲ್ಲ. ಈ ಸಣ್ಣ ಕೊಂಬಿನದು ರಾಜನ ಮಗ. ಇನ್ನೊಂದು ಬೇರೆ ಗಂಡಿನದು."

"ನಿನಗೆ ಯಾವಾಗ ಗೊತ್ತಾಯಿತು?"

ಬರುವ ದಾರಿಯಲ್ಲಿ ನಾನು ಈ ಪ್ರಶ್ನೆಗೇ ಹೆದರಿದ್ದೆ. ಇವತ್ತು ಬೆಳಗ್ಗೆ ಎಂದರೆ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ವಿನಯ್ ಒಬ್ಬನನ್ನು ಬಿಟ್ಟು.

"ನಿನ್ನೆ ನಾಲ್ಕು ಗಂಟೆಗೆ," ಎಂದೆ.

ಹರ್ಮೆನ್ ಮೇಜಿನ ಮೇಲಿನ ಸಣ್ಣ ಕೊಂಬಿನ ತಲೆಯನ್ನು ನೋಡಿದರು. "ಇವನು ಏಳೂವರೆಗೆ," ಎಂದರು. "ನಾನು ಆರರವರೆಗೆ ಮನೆಯಲ್ಲೇ ಇದ್ದೆ. ಫೋನ್ ಪಕ್ಕದಲ್ಲೇ ಇತ್ತು."

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು ಬೈಯಲಿಲ್ಲ. ಹೊರಗೆ ಹೋಗಿ ಪಿಕಪ್ಪಿನಿಂದ ಹಳೆಯ ನೋಟ್‌ಬುಕ್ಕೊಂದನ್ನು ತಂದು, ಒಂದು ಪುಟ ತೆರೆದು ನನ್ನ ಮುಂದೆ ಹಿಡಿದರು. ಡಚ್ ಭಾಷೆಯಲ್ಲಿ ಪೆನ್ಸಿಲಿನಲ್ಲಿ ನಾಲ್ಕು ಸಾಲು. ನನಗೆ ಅಷ್ಟು ಓದಲು ಬರುತ್ತಿತ್ತು. ನಾಲ್ಕು ವರ್ಷದ ಹಿಂದಿನ ಮಾರ್ಚಿನಲ್ಲಿ, ಬೇಲಿಯ ತಂತಿಯಲ್ಲಿ ಸಿಕ್ಕಿಹಾಕಿಕೊಂಡ ಗಂಡು. ಎಡ ಹಿಂಗಾಲು ಮುರಿದಿದೆ. ತಾನೇ ಬಿಡಿಸಿಕೊಂಡು ಹೋಯಿತು. ಕೆಳಗೆ ಮುಂದಿನ ವರ್ಷದ ಒಂದು ಸಾಲು: ಕುಂಟುತ್ತಿದೆ, ಬಲಗೊಂಬು ಸೊಟ್ಟ.

ಹಿಂಗಾಲಿಗೆ ಪೆಟ್ಟಾದರೆ ಜಿಂಕೆಗೆ ಎದುರುಬದಿಯ ಕೊಂಬು ಕೆಡುವುದುಂಟು. ಎಡಗಾಲಾದರೆ ಬಲಗೊಂಬು. ಯಾಕೆ ಹಾಗೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ, ಆದರೆ ಆಗುತ್ತದೆ. ನಾನು ಅದನ್ನು ಓದಿದ್ದೆ. ಸಭೆಯಲ್ಲಿ ಅವರು ಕೈಯೆತ್ತಿದಾಗ ಆ ಓದು ನನಗೆ ನೆನಪಾಗಲಿಲ್ಲ. ಪರದೆಯ ಮೇಲಿನ ನನ್ನ ಚಿತ್ರ ಅಷ್ಟು ಚೆನ್ನಾಗಿತ್ತು.

"ಆವತ್ತು ನೀವು ಇದನ್ನ ಪೂರ್ತಿ ಹೇಳಬಹುದಿತ್ತು," ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು.

"ಶುರು ಮಾಡಿದ್ದೆ," ಎಂದರು ಹರ್ಮೆನ್.

ಆಮೇಲೆ ಎರಡೂ ದೇಹಗಳಿಂದ ಮಾದರಿ ತೆಗೆದೆ. ಅವರು ಡಬ್ಬಿಗಳನ್ನು ಹಿಡಿದುಕೊಂಡು ನಿಂತಿದ್ದರು. ಹೊರಡುವಾಗ, ಸೋಮವಾರದ ಕೆಲಸ ನಿಲ್ಲಿಸುವಂತೆ ಅಧ್ಯಕ್ಷರಿಗೆ ತಾವೇ ಹೇಳುವುದಾಗಿ ಅಂದರು. ಕಾರಣ ಮಾತ್ರ ನಾನೇ ಹೇಳಬೇಕು.

ಮಂಗಳವಾರ ತುರ್ತು ಸಭೆ. ಅದಕ್ಕೆ ಮೊದಲು ಮರೈಕೆ ನನ್ನನ್ನು ತಮ್ಮ ಕೋಣೆಗೆ ಕರೆದರು. ಪ್ರಯಾಣದ ಆಯಾಸ ಇನ್ನೂ ಮುಖದ ಮೇಲಿತ್ತು. ಅವರು ಕೆಟ್ಟವರಲ್ಲ, ಐದು ಜನರ ಕೆಲಸ ಆ ಪ್ರಾಜೆಕ್ಟಿನ ಮೇಲೆ ನಿಂತಿತ್ತು. "ಮಾಹಿತಿಯಲ್ಲಿ ಸಣ್ಣ ತಿದ್ದುಪಡಿ ಅಂತ ಹೇಳೋಣ," ಎಂದರು. "ಹೊಸ ಪರೀಕ್ಷೆಗಳಿಂದ ಚಿತ್ರ ಬದಲಾಗಿದೆ. ಅದು ಸುಳ್ಳೇನಲ್ಲ."

"ಎರಡು ಜಿಂಕೆ ಸತ್ತಿವೆ, ಮರೈಕೆ."

"ಅವು ಹೇಗಾದರೂ ಸಾಯುತ್ತಿದ್ದವು. ಕಡಿಮೆ ಮಾಡಬೇಕಾದ ಸಂಖ್ಯೆ ಇರುವುದು ಅಷ್ಟೇ." ಹೇಳಿ, ಅವರೇ ಕಣ್ಣು ಬೇರೆ ಕಡೆ ತಿರುಗಿಸಿದರು.

ಸಭೆಯಲ್ಲಿ ಮಾತು ಶುರು ಮಾಡಿದವರು ಮರೈಕೆಯೇ. ತಿದ್ದುಪಡಿ ಎಂಬ ಪದ ಎರಡು ಸಲ ಬಂತು. ನಾನು ಕೈಯೆತ್ತಿದೆ. ಇಂಗ್ಲಿಷಿನಲ್ಲಿ ಮೊದಲೇ ಬರೆದುಕೊಂಡು ಬಂದಿದ್ದ ಕಾಗದವನ್ನು ಮೇಜಿನ ಮೇಲಿಟ್ಟೆ.

"ತಟ್ಟೆಯನ್ನು ತಿರುಗಿಸಿ ಇಟ್ಟವಳು ನಾನು," ಎಂದೆ. "ಜುಲೈನಲ್ಲೇ ಒಂದು ಗುರುತು ಕಂಡಿತ್ತು. ಹರ್ಮೆನ್ ಬರೆದದ್ದು ತಪ್ಪು ಎಂದುಕೊಂಡೆ. ಶುಕ್ರವಾರ ನಾಲ್ಕು ಗಂಟೆಗೆ ಪೂರ್ತಿ ಗೊತ್ತಾಯಿತು. ಶನಿವಾರ ಒಂಬತ್ತರವರೆಗೆ ನಿಮಗೆ ಯಾರಿಗೂ ಹೇಳಲಿಲ್ಲ. ಆ ನಡುವೆ ಎರಡನ್ನು ಹೊಡೆದದ್ದಾಯಿತು. ಡೊಂಕನ ಕೊಂಬು ಸೊಟ್ಟಗಿರುವುದು ಕಾಲಿನ ಪೆಟ್ಟಿನಿಂದ. ಅದನ್ನು ಹರ್ಮೆನ್ ನಾಲ್ಕು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ."

ಗೋಡೆಯ ಫೋಟೊದ ಕೆಳಗೆ ಕೂತಿದ್ದ ಹಿರಿಯ ಸದಸ್ಯರೊಬ್ಬರು ಕೆಂಪಗಾದರು. "ಹಾಗಾದರೆ ಕವಲಿಲ್ಲದ ಆ ಮರಿಗಳು ರಾಜನವು ಅನ್ನುತ್ತೀರಾ?"

"ಹೌದು. ಅವು ತಡವಾಗಿ ಹುಟ್ಟಿದ ಮರಿಗಳು. ಚಳಿಗಾಲಕ್ಕೆ ಮೊದಲು ಮೈ ತುಂಬಿಕೊಳ್ಳಲು ಸಮಯ ಸಿಗಲಿಲ್ಲ. ಇನ್ನೆರಡು ವರ್ಷಕ್ಕೆ ಅವುಗಳ ಕೊಂಬೂ ಕವಲೊಡೆಯುತ್ತಿತ್ತು."

"ನಲವತ್ತು ವರ್ಷ ನಾವು ಈ ಹಿಂಡನ್ನು ತಿದ್ದಿದ್ದೇವೆ!"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಪಟ್ಟಿಯನ್ನು ರದ್ದು ಮಾಡಿದ್ದೇವೆ ಎಂದು ಬರೆಸಿದರು. ಅಷ್ಟಕ್ಕೇ ನಿಲ್ಲಿಸದೆ ಮುಂದುವರಿದರು:

"ಆದರೆ ಈ ವರ್ಷದ ಸಂಖ್ಯೆ ಬದಲಾಗುವುದಿಲ್ಲ. ಏಳರಲ್ಲಿ ಎರಡು ಆಗಿವೆ. ಉಳಿದ ಐದರ ಬದಲಿಗೆ ಬೇರೆ ಐದು ಗಂಡುಗಳು ಬೇಕು. ನೀವೇ ಹೇಳಿ, ಯಾವ ಐದು?"

ಅಲ್ಲಿದ್ದ ಹತ್ತು ಜನರೂ ನನ್ನನ್ನು ನೋಡಿದರು. ಶನಿವಾರದಿಂದ ನಾನು ಉಳಿಸಿದ ಐದನ್ನು ಲೆಕ್ಕ ಹಾಕಿಕೊಂಡು ಸಮಾಧಾನಪಡುತ್ತಿದ್ದೆ. ಅವು ಉಳಿದರೆ ಬೇರೆ ಐದು ಸಾಯಬೇಕು ಎಂಬುದು ಆ ಕ್ಷಣದವರೆಗೆ ನನಗೆ ಹೊಳೆದಿರಲೇ ಇಲ್ಲ.

"ನನ್ನ ಹತ್ತಿರ ಪಟ್ಟಿಯಿಲ್ಲ," ಎಂದೆ. "ಈ ಹಿಂಡಿನಲ್ಲಿ ಕೊಂಬು ನೋಡಿ ಯಾರನ್ನು ತೆಗೆಯಬೇಕೆಂದು ಹೇಳಲು ಬರುವುದಿಲ್ಲ. ಇನ್ನು ಮೇಲೆ ಹೆಣ್ಣು, ಮರಿ, ಗಂಡುಗಳಲ್ಲಿ ಎಷ್ಟೆಷ್ಟು ಎಂದು ಮಾತ್ರ ಗೊತ್ತು ಮಾಡಿ. ಗಂಡುಗಳಲ್ಲಿ ಯಾವುದು ಮೊದಲು ಎದುರಿಗೆ ಬರುತ್ತದೋ ಅದು. ಕೊಂಬು ನೋಡಬೇಡಿ."

"ಒಳ್ಳೆಯದನ್ನೂ ಹೊಡೆಯುವುದೇ?" ಎಂದರು ಆ ಹಿರಿಯರು.

"ಹೌದು."

ಅಧ್ಯಕ್ಷರು ಹರ್ಮೆನ್ ಕಡೆ ತಿರುಗಿದರು. ಹರ್ಮೆನ್ ಸ್ವಲ್ಪ ಯೋಚಿಸಿ, "ಬಂದದ್ದನ್ನ ಹೊಡೀತೀನಿ," ಎಂದರು. "ಆದರೆ ಒಂದು ಸಲ ಅವಳು ಜೊತೆಗೆ ಬರಬೇಕು."

ಆ ತಿಂಗಳ ಕೊನೆಗೆ ಜಿಂಕೆಗಳ ಕೂಡುವ ಕಾಲ ಬಂತು. ಮಾದರಿಗಳಿಗೆಂದು ಕಾಡಿಗೆ ಹೋದಾಗ ಮಂಜಿನಲ್ಲಿ ಗಂಡುಗಳ ಕೂಗು ಕೇಳುತ್ತಿತ್ತು. ಕೋಣದ ಕೂಗಿಗಿಂತ ಆಳವಾದದ್ದು, ಎದೆಗೂಡಿನೊಳಗೆ ಅದುರುವಂಥದ್ದು. ಡೊಂಕನೂ ಒಂದು ಬಯಲಿನ ಅಂಚಿನಲ್ಲಿ ನಿಂತು ಕೂಗುತ್ತಿದ್ದ. ಹೆಣ್ಣುಗಳು ಅವನ ಹತ್ತಿರ ನಿಲ್ಲಲಿಲ್ಲ. ಅವನು ಕುಂಟುವುದು ಬರಿಗಣ್ಣಿಗೇ ಕಾಣುತ್ತಿತ್ತು. ಅಷ್ಟು ದಿನ ನನಗೆ ಯಾಕೆ ಕಂಡಿರಲಿಲ್ಲವೋ. ಅವನು ಆ ಚಳಿಗಾಲ ದಾಟಿದ, ಅದರ ಮುಂದಿನದನ್ನು ದಾಟಲಿಲ್ಲ. ನನ್ನ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಅದಕ್ಕೆ ಕಾರಣ ಹಣ ಬಾರದ್ದು ಎಂದು ಮರೈಕೆ ಹೇಳಿದರು, ನಾನು ಒಪ್ಪಿಕೊಂಡೆ. ನನ್ನ ಬಗ್ಗೆ ಅವರು ಬರೆದುಕೊಟ್ಟ ಪತ್ರದಲ್ಲಿ 'ಪ್ರಾಮಾಣಿಕ' ಎಂಬ ಪದವಿತ್ತು. ಅದನ್ನು ಓದಿದಾಗಲೆಲ್ಲ ನನಗೆ ಶುಕ್ರವಾರದ ಸಂಜೆ ಏಳೂವರೆ ನೆನಪಾಗುತ್ತಿತ್ತು. ವಿನಯ್ ಮುಂದೆ ಎಂದೂ ಆ ಫೋನಿನ ವಿಷಯ ಎತ್ತಲಿಲ್ಲ. ಒಂದೇ ಒಂದು ಸಲ, ಊಟ ಮಾಡುತ್ತಿದ್ದಾಗ, ತಟ್ಟೆಯಿಂದ ಕಣ್ಣೆತ್ತದೆ, "ಆವತ್ತು ನಾನು ಹಾಗೆ ಹೇಳ್ಬಾರ್ದಿತ್ತು ಕಣೇ," ಎಂದ. "ನೀ ಹೇಳ್ದಿದ್ರೂ ನಾ ಕಾಯ್ತಿದ್ನಿ," ಎಂದೆ. ಅದು ನಿಜ.

ಅಕ್ಟೋಬರಿನ ಕೊನೆಯ ವಾರ ಹರ್ಮೆನ್ ಕರೆದರು. ಬೆಳಗ್ಗೆ ಏಳರ ಹೊತ್ತಿಗೆ ಇಬ್ಬರೂ ಪೈನ್ ಮರಗಳ ನಡುವಿನ ಅಟ್ಟಣೆಯ ಮೇಲೆ ಕೂತಿದ್ದೆವು. ಕೂಡುವ ಕಾಲ ಮುಗಿದಿತ್ತು, ಕಾಡು ನಿಶ್ಶಬ್ದವಾಗಿತ್ತು. ಕೆಳಗೆ ಒಣ ಹುಲ್ಲಿನ ಮೇಲೆ ಇಬ್ಬನಿ. ಅರ್ಧ ಗಂಟೆ ಏನೂ ಬರಲಿಲ್ಲ. ಏನೂ ಬರದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಆಮೇಲೆ ಜರೀಗಿಡಗಳು ಅಲ್ಲಾಡಿ ಒಂದು ಗಂಡು ಹೊರಬಂತು. ನಾಲ್ಕೈದು ವರ್ಷದ್ದಿರಬೇಕು. ಒಂದು ತಿಂಗಳು ಮೇವು ಮರೆತು ಹೆಣ್ಣಿನ ಹಿಂದೆ ಓಡಿದ್ದಕ್ಕೆ ಸೊರಗಿತ್ತು, ಪಕ್ಕೆಲುಬು ಕಾಣುತ್ತಿತ್ತು. ಕೊಂಬು ಮಾತ್ರ ಎರಡೂ ಕಡೆ ಸಮನಾಗಿ, ತುದಿಗಳು ಬೆಳ್ಳಗೆ, ಬಲು ಚೆಂದವಾಗಿತ್ತು. ಹಳೆಯ ರೂಢಿಯಂತೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಹರ್ಮೆನ್ ಬಂದೂಕನ್ನು ಭುಜಕ್ಕೆ ತಂದು, ನನ್ನ ಕಡೆ ನೋಡಿದರು. ಕೇಳಲಿಲ್ಲ, ಬರೀ ನೋಡಿದರು. ಅದು ಯಾರ ಮಗ ಎಂದು ನಾನೂ ಕೇಳಲಿಲ್ಲ. ಕಿವಿಗೆ ಮುಚ್ಚಳ ಹಾಕಿಕೊಂಡು ತಲೆಯಾಡಿಸಿದೆ.

ಗುಂಡಿನ ಸದ್ದು ಮುಚ್ಚಳದೊಳಗಿಂದಲೂ ಎದೆಗೆ ಬಡಿಯಿತು. ಜಿಂಕೆ ನಾಲ್ಕು ಹೆಜ್ಜೆ ಓಡಿ ಮುಗ್ಗರಿಸಿತು. ನಾವು ಕೆಳಗಿಳಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹರ್ಮೆನ್ ಟೋಪಿ ತೆಗೆದು ಒಂದು ನಿಮಿಷ ನಿಂತರು. ಆಮೇಲೆ, ಪಿಕಪ್ಪು ಬರುವ ದಾರಿಯವರೆಗೆ ಎಳೆಯಬೇಕು, ಒಬ್ಬನಿಂದ ಆಗುವುದಿಲ್ಲ ಎಂದರು. ಅವರು ಎಡಗೊಂಬು ಹಿಡಿದರು, ನಾನು ಬಲಗೊಂಬು ಹಿಡಿದೆ. ಅದರ ಕತ್ತು ನನ್ನ ಮೊಣಕಾಲಿಗೆ ತಾಗುತ್ತಿತ್ತು, ಇನ್ನೂ ಬಿಸಿಯಾಗಿತ್ತು. ಕೊಂಬು ಮಾತ್ರ ಕಲ್ಲಿನ ಹಾಗೆ ತಣ್ಣಗಿತ್ತು. "ಭಾರವಾಗುತ್ತಾ?" ಎಂದರು ಹರ್ಮೆನ್. ಆಗುತ್ತದೆ ಎಂದೆ. "ನಿಲ್ಲಬೇಡ," ಎಂದರು. ಇಬ್ಬರೂ ಎಳೆದುಕೊಂಡು ಹೋದೆವು.